ಗಾಳಿಯಲ್ಲಿದ್ದ ಕೈ

"ಮೂಲೆಯಲ್ಲಿ ದುಂಡಗೆ ಕತ್ತರಿಸಿ ಮಾತ್ರ ಅಂಟಿಸಬೇಡಿ. ಹಾಗೆ ಹಾಕೋದು ಹೋದವರಿಗೆ. ನನ್ನ ಮಗಳಿಗೆ ಕಾಲು ಮುರಿದಿದೆ, ಅಷ್ಟೇ," ಎನ್ನುತ್ತ ಆ ತಾಯಿ ಸ್ಟುಡಿಯೋದ ಕೌಂಟರಿನ ಮೇಲೆ ಮೊಬೈಲ್ ಇಟ್ಟರು. ಅದರಲ್ಲಿ ಮಗಳು ಸಮವಸ್ತ್ರ ತೊಟ್ಟು ಗೋಡೆಗೆ ಒರಗಿ ನಿಂತಿದ್ದಳು.

ಮಗಳು ಬರಲಾಗದ ದಿನ ತೆಗೆದ ತರಗತಿಯ ಗುಂಪು ಫೋಟೋ ಅವತ್ತೇ ಮಧ್ಯಾಹ್ನ ಅಚ್ಚಿಗೆ ಹೋಗಬೇಕಿತ್ತು. ಶಾಲೆಯ ಕೊನೆಯ ವರ್ಷ. ಮುಂದೆ ಒಬ್ಬೊಬ್ಬರದು ಒಂದೊಂದು ದಿಕ್ಕು. "ನಾನಿಲ್ಲದ ಫೋಟೋ ಮನೆಗೆ ತರಲೇಬೇಡ ಅಂದಿದ್ದಾಳೆ. ಅನ್ನ ಕೂಡ ಸರಿಯಾಗಿ ತಿಂತಿಲ್ಲ," ಎಂದರು ತಾಯಿ.

ಫೋಟೋಗ್ರಾಫರ್ ತಲೆ ಕೆರೆದುಕೊಂಡ. ಹಿಂದಿನ ಸಾಲಿನಲ್ಲಿ ಒಬ್ಬರು ನಿಲ್ಲುವಷ್ಟು ಜಾಗವೇನೋ ಖಾಲಿಯಿತ್ತು. ಆದರೆ ಪಕ್ಕದ ಹುಡುಗಿ ಆ ಜಾಗಕ್ಕೆ ಅಡ್ಡಲಾಗಿ ಕೈ ಚಾಚಿ, ಬೆರಳು ಕೆಳಕ್ಕೆ ಬಾಗಿಸಿ ನಿಂತಿದ್ದಳು. "ಕೈ ಇಳಿಸಮ್ಮಾ, ಒತ್ತಿ ನಿಲ್ಲಮ್ಮಾ ಅಂತ ಹೇಳಿ ಹೇಳಿ ಸಾಕಾಯ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ," ಎಂದು ಗೊಣಗುತ್ತಲೇ ಕಂಪ್ಯೂಟರಿನ ಮುಂದೆ ಕೂತ. ಮೊಬೈಲಿನ ಚಿತ್ರದಲ್ಲಿ ಮಗಳ ಹಿಂದಿದ್ದ ಗೋಡೆ ಅಳಿಸಲು ಪರದೆಯ ಮೇಲಿನ ರಬ್ಬರ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಗೋಡೆಯ ಜೊತೆ ಅವಳ ಕಿವಿಯೂ ಹೋಯಿತು.

"ಏಳಣ್ಣ ಮೇಲೆ. ನಿನ್ನ ಕೈಗೆ ರಬ್ಬರ್ ಕೊಟ್ರೆ ಊರನ್ನೇ ಅಳಿಸ್ತೀಯ," ಎಂದು ಒಳಗೆ ಪ್ರಿಂಟ್ ಕತ್ತರಿಸುತ್ತಿದ್ದ ತಂಗಿ ಬಂದು ಕುರ್ಚಿ ಎಳೆದುಕೊಂಡಳು.

ಅವಳು ಅಳಿಸುವವಳಲ್ಲ. ಹುಡುಗಿಯ ಚಿತ್ರವನ್ನು ಗುಂಪು ಫೋಟೋದ ಮೇಲೊಂದು ಪದರವಾಗಿ ಇಟ್ಟು, ಅದಕ್ಕೆ ಮಾಸ್ಕ್ ಹಾಕಿದಳು. ಮಾಸ್ಕಿನಲ್ಲಿ ಕಪ್ಪು ಬಳಿದ ಕಡೆ ಮೇಲಿನ ಚಿತ್ರ ಮರೆಯಾಗಿ ಕೆಳಗಿನದು ಕಾಣುತ್ತದೆ. ಬಿಳಿ ಬಳಿದರೆ ಮರೆಯಾದದ್ದು ಮರಳಿ ಬರುತ್ತದೆ. ಎಷ್ಟು ಸಲ ತಪ್ಪಿದರೂ ಏನೂ ಕಳೆದುಹೋಗುವುದಿಲ್ಲ. ಕೂದಲಿನ ಹತ್ತಿರ ಬಂದಾಗ ಕುಂಚ ಸಣ್ಣದು ಮಾಡಿ ಎಳೆ ಎಳೆಯಾಗಿ ನೇವರಿಸಿದಳು. ಗೋಡೆ ಕರಗಿತು, ಜಡೆ ಉಳಿಯಿತು. ಎಂಥ ನಾಜೂಕು ಕೈ ಅವಳದು!

"ದಿನಾ ಜಡೆ ಹಾಕೋ ನಂಗೇ ಇಷ್ಟು ತಾಳ್ಮೆ ಇಲ್ಲ ಕಣಮ್ಮ," ಎಂದರು ತಾಯಿ.

"ಎತ್ತರ ಎಷ್ಟಿಡ್ತೀಯ? ಪಕ್ಕದವಳಷ್ಟೇ ಇಟ್ಟು ಮುಗಿಸು," ಎಂದ ಅಣ್ಣ.

ಹಾಗೇ ಇಟ್ಟಳು. ಮೇಲಿನ ಪದರವನ್ನು ತೆಳುವಾಗಿಸಿ ನೋಡಿದರೆ, ಕೆಳಗಿನ ಫೋಟೋದ ಬೆರಳುಗಳು ಹುಡುಗಿಯ ತೋಳಿನ ನಡುವೆ ಎಲ್ಲೋ ತೇಲುತ್ತಿದ್ದವು. ತಂಗಿ ಚಿತ್ರವನ್ನು ಮೆಲ್ಲಗೆ ಕೆಳಗಿಳಿಸುತ್ತ ಹೋದಳು. ಭುಜ ಬೆರಳಿನ ಮಟ್ಟಕ್ಕೆ ಬಂದಾಗ ನಿಲ್ಲಿಸಿದಳು.

"ಹಾಂ, ಸರಿಯಾಯ್ತು ನೋಡಿ," ಎಂದರು ತಾಯಿ. "ನನ್ನ ಮಗಳು ಅವಳ ಕಿವಿಮಟ್ಟಕ್ಕೇ ಬರೋದು."

ತಂಗಿ ಭುಜದ ಮೇಲೆ ಒಂದಿಷ್ಟು ಕಪ್ಪು ಬಳಿದಳು. ಕೆಳಗಿದ್ದ ಬೆರಳುಗಳು ಒಂದೊಂದಾಗಿ ಮೇಲೆದ್ದು ಬಂದು ಹೆಗಲನ್ನು ಹಿಡಿದುಕೊಂಡವು. ಖಾಲಿ ಜಾಗ ಇತ್ತೆಂದರೆ ಈಗ ಯಾರೂ ನಂಬುವಂತಿರಲಿಲ್ಲ.

ಅಣ್ಣ ಪರದೆಯ ಹತ್ತಿರ ಬಾಗಿ ನೋಡಿದ. ಆಮೇಲೆ ಕೇಳಿದ, "ಅಳತೆ ತೆಗೆದ ಹಾಗೆ ಕೂತಿದೆಯಲ್ಲೇ. ಹೇಗೆ ಗೊತ್ತಾಯ್ತು ನಿಂಗೆ?"

"ನಂಗೇನು ಗೊತ್ತು? ಆ ಕೈಯನ್ನ ನಾನು ಒಂಚೂರೂ ಅಲ್ಲಾಡಿಸಿಲ್ಲ. ಗೆಳತಿಯ ಭುಜ ಎಲ್ಲಿರುತ್ತೆ ಅಂತ ಅವಳಿಗೆ ಗೊತ್ತಿತ್ತು, ಅಲ್ಲೇ ಹಿಡಿದಿದ್ದಾಳೆ."

ತಾಯಿ ಈಗ ತಮ್ಮ ಮಗಳನ್ನು ನೋಡುತ್ತಿರಲಿಲ್ಲ. ಪಕ್ಕದವಳನ್ನೇ ನೋಡುತ್ತಿದ್ದರು.

"ಎಷ್ಟು ಹೊತ್ತು ಹಾಗೇ ನಿಂತಿದ್ಲು?"

"ಎಲ್ಲ ಮುಗಿಯೋವರೆಗೂ," ಎಂದ ಫೋಟೋಗ್ರಾಫರ್. "ನಾನು ಬೈದ್ರೂ ಇಳಿಸ್ಲಿಲ್ಲ."

"ಪಾಪ, ಕೈ ಸೋತುಹೋಗಿರುತ್ತೆ," ಎಂದರು ತಾಯಿ. "ಊರೋಕೂ ಒಂದು ಭುಜ ಇರ್ಲಿಲ್ವಲ್ಲ."