ಹೆಬ್ಬೆಟ್ಟಿನ ಯಂತ್ರ

"ಹೊರಗೆ ಹೆಬ್ಬೆಟ್ಟು ಒತ್ತಿ ಬಂದ್ಯಾ?" ವಿಶ್ವವಿದ್ಯಾಲಯದ ಆಪ್ತಸಮಾಲೋಚಕಿ ಕೇಳಿದರು.

ಹುಡುಗಿ ತಲೆಯಾಡಿಸಿದಳು. ವಿದ್ಯಾರ್ಥಿನಿಯರ ಸುರಕ್ಷತೆಗೆಂದು ಪ್ರತಿ ಬಾಗಿಲಿಗೂ ಆ ಯಂತ್ರ ಹಾಕಿಸಿದ್ದರು. ಉದ್ಘಾಟನೆಗೆ ಕುಲಪತಿಗಳೇ ಬಂದಿದ್ದರು.

ಬಾಗಿಲು ಮುಚ್ಚಿದ ಮೇಲೂ ಅವಳು ಬಹಳ ಹೊತ್ತು ಅದರತ್ತಲೇ ತಿರುಗಿ ತಿರುಗಿ ನೋಡುತ್ತಿದ್ದಳು.

"ಇಲ್ಲಿ ಹೇಳಿದ್ದು ಯಾರಿಗೂ ಗೊತ್ತಾಗಲ್ಲ ಕಣಮ್ಮ."

"ಚಿಕ್ಕಪ್ಪಂಗೂ ಗೊತ್ತಾಗಲ್ವಾ?"

"ಅವರಿಗೂ ಗೊತ್ತಾಗಲ್ಲ."

"ಅಪ್ಪ ಹೋದ್ಮೇಲೆ ಅವ್ರ ಮನೇಲೇ ಇದೀನಿ, ಮೇಡಂ. ಚಿಕ್ಕಮ್ಮ ಊರಿಗೆ ಹೋದಾಗೆಲ್ಲ ಅವ್ರು ನನ್ನ ರೂಮಿಗೆ..." ಮುಂದೆ ಹೇಳಲಾಗದೆ ಬಿಕ್ಕಿದಳು. "ಯಾರತ್ರ ಆದ್ರೂ ಬಾಯ್ಬಿಟ್ರೆ ಸಾಯಿಸ್ತೀನಿ ಅಂದಿದಾರೆ."

ಸಮಾಲೋಚಕಿ ಅವಳ ಕೈ ಹಿಡಿದುಕೊಂಡರು. "ಇವತ್ತಿಂದ ನೀನು ಆ ಮನೆಗೆ ಹೋಗೋದೇ ಬೇಡ. ಹಾಸ್ಟೆಲ್ಲಲ್ಲಿ ಜಾಗ ಕೊಡಿಸ್ತೀನಿ. ಪೊಲೀಸರ ಹತ್ರ ನಾನೇ ಮಾತಾಡ್ತೀನಿ."

ಹುಡುಗಿ ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದಳು.

ಅಷ್ಟರಲ್ಲಿ ಬಾಗಿಲು ಸರಿಸಿ ಅಟೆಂಡರ್ ಇಣುಕಿದ.

"ಮೇಡಂ, ಈ ಹುಡುಗಿ ಚಿಕ್ಕಪ್ಪ ಬಂದಿದಾರೆ. ಇವಳು ಇಲ್ಲಿ ಹೆಬ್ಬೆಟ್ಟು ಒತ್ತಿದ್ ತಕ್ಷಣ ಅವರ ಮೊಬೈಲಿಗೆ ಮೆಸೇಜ್ ಬಂತಂತೆ."