ಮೂರನೆಯ ಸಂಪುಟ

ಗ್ರಂಥಾಲಯದ ಬಾಗಿಲಾಚೆ ಕಾಗದ ಸೀಳುವ ಸದ್ದು ಕೇಳಿ ಲವಿನಿಯಾ ಗಕ್ಕನೆ ನಿಂತಳು. ಗಂಡ ಆಗಸ್ಟಸ್ ಹೊಸ ಕಾದಂಬರಿಯ ಹಾಳೆ ಬಿಡಿಸುತ್ತಿದ್ದ. ಯಾವ ಸಂಪುಟದ್ದು?

ಒಳಗೆ ಹೋಗಿ ನೋಡಿದಳು. ಎರಡನೆಯದರ ಕೊನೆಯ ಹಾಳೆಗಳು. ಮೂರನೆಯದು ಮಡಿಕೆ ಬಿಚ್ಚದೆ ಮೇಜಿನ ಮೇಲಿತ್ತು. ಆ ಕಾಲದಲ್ಲಿ ಅಂಗಡಿಯಿಂದ ಬಂದ ಪುಸ್ತಕದ ಹಾಳೆಗಳ ಮಡಿಕೆಯನ್ನು ಕೊಂಡವನೇ ಚಾಕುವಿನಿಂದ ಕತ್ತರಿಸಿಕೊಂಡು ಓದಬೇಕಿತ್ತು. ಆಗಸ್ಟಸ್ ಪೆಲ್‌ಹಮ್‌ನ ನಾಲ್ಕು ಸಾವಿರ ಪುಸ್ತಕಗಳಲ್ಲಿ ಮುಕ್ಕಾಲುಪಾಲು ಆ ಭಾಗ್ಯ ಕಾಣದೆ ಕಪಾಟಿನಲ್ಲಿ ಮೆರೆಯುತ್ತಿದ್ದವು. ಆದರೂ ಡರ್ಬಿಶೈರ್ ಸೀಮೆಗೆಲ್ಲ ಅವನೇ ದೊಡ್ಡ ಓದುಗ. ಅರ್ಧ ಓದಿ ಪೂರ್ತಿ ಪುಸ್ತಕದ ಬಗ್ಗೆ ಭಾಷಣ ಬಿಗಿಯುವುದರಲ್ಲಿ ಅವನದು ಎತ್ತಿದ ಕೈ.

“ಲಂಡನ್ನಲ್ಲೆಲ್ಲ ಇದರದ್ದೇ ಮಾತಂತೆ,” ಎಂದ. “ಬರ್ದೋರ ಹೆಸರು ಮಾತ್ರ ಹಾಕಿಲ್ಲ. ಓದ್ತಾ ಓದ್ತಾ ನಂಗೇನನ್ನಿಸ್ತು ಗೊತ್ತಾ? ಈ ಮೆಟ್ಟಿಲು, ಈ ಕಿಟಕಿ, ನಮ್ಮ ಕುಂಟು ನಾಯಿ. ಇದು ನಮ್ಮನೇನೇ.”

“ಎಷ್ಟೋ ಮನೆಗಳು ಹೀಗೇ ಇರ್ತಾವಲ್ರೀ.” ಅವಳು ಮೇಜಿನ ಹತ್ತಿರ ಸರಿದಳು.

“ಇರಲ್ಲ.” ಅವಳನ್ನೇ ನೋಡುತ್ತ ನಕ್ಕ. “ಬರ್ದಿರೋದು ಯಾರು ಅಂತ ಇವತ್ತು ಊಟಕ್ಕೆ ಬಂದೋರ ಮುಂದೆ ಹೇಳ್ತೀನಿ.”

“ಊಟದ ಹೊತ್ತಾಯ್ತು. ಇದನ್ನ ಎತ್ತಿಡ್ಲಾ?” ಮೂರನೆಯ ಸಂಪುಟಕ್ಕೆ ಕೈ ಚಾಚಿದಳು.

ಅವನು ಅದರ ಮೇಲೆ ಅಂಗೈ ಊರಿದ. “ಬಿಡು. ಸಂಜೆ ಓದ್ತೀನಿ.”

ಬರೆದವಳು ಅವಳೇ. ಅವನು ಬೇಟೆಗೆ ಹೋದಾಗಲೆಲ್ಲ, ದಿನಸಿ ಪಟ್ಟಿಯ ಕೆಳಗೆ ಹಾಳೆ ಬಚ್ಚಿಟ್ಟುಕೊಂಡು ಎರಡು ವರ್ಷ ಬರೆದಿದ್ದಳು. ಮೊದಲೆರಡು ಸಂಪುಟಗಳಲ್ಲಿ ಮನೆಯಿತ್ತು, ಮನೆಯ ಜನರಿದ್ದರು. ಮೂರನೆಯದರಲ್ಲಿ ಅವನು ನಿದ್ದೆಯಲ್ಲಿ ಬಡಬಡಿಸುತ್ತಿದ್ದುದೆಲ್ಲ ಇತ್ತು. ಮೊದಲ ಹೆಂಡತಿ ಸಂಗೀತದ ಮೇಷ್ಟರೊಡನೆ ಫ್ರಾನ್ಸಿಗೆ ಓಡಿಹೋದಳೆಂದು ಕಣ್ಣೀರು ಹಾಕಿದ ಗಂಡನನ್ನು ಊರು ನಂಬುತ್ತದೆ, ಎರಡನೆಯ ಹೆಂಡತಿಯ ಮಾತನ್ನಲ್ಲ. ಎದೆಯ ಭಾರ ತಾಳಲಾರದೆ ಅವಳು ಅದನ್ನು ಕಥೆಯಾಗಿಸಿ, ಹೆಸರಿಲ್ಲದೆ ಗುಟ್ಟಾಗಿ ಅಚ್ಚಿಗೆ ಕಳಿಸಿದ್ದಳು. ಅವನು ಅದನ್ನು ಓದಿದರೆ ತನ್ನನ್ನು ಉಳಿಸುವುದಿಲ್ಲ. ಸಂಜೆಯವರೆಗೆ ಮಾತ್ರ ಸಮಯವಿತ್ತು.

ಊಟಕ್ಕೆ ಪಾದ್ರಿ ಡಾಬ್ನಿ ದಂಪತಿ ಬಂದರು, ಮ್ಯಾಜಿಸ್ಟ್ರೇಟ್ ಕರ್ನಲ್ ಥಾರ್ಪ್ ಬಂದರು. ಲವಿನಿಯಾ ಕುರಿಮಾಂಸದ ತಟ್ಟೆ ದಾಟಿಸಿದಳು.

“ಬರ್ದಿರೋದು ಗಂಡಸೋ ಹೆಂಗಸೋ ಅಂತ ನಮ್ಮನೇಲಿ ದಿನಾ ಜಗಳ,” ಎಂದರು ಡಾಬ್ನಿಯವರ ಹೆಂಡತಿ. “ಇವ್ರಂತೂ ಪ್ರಾರ್ಥನೆ ಮಧ್ಯೆ ಅದನ್ನೇ ಯೋಚಿಸ್ತಾರೆ.”

“ನಾನು ಕಾದಂಬರಿ ಮುಟ್ಟೋನಲ್ಲ,” ಎಂದರು ಕರ್ನಲ್. “ಹೋದ ವಾರ ಜ್ವರ ಬಂದು ಮಲಗಿದ್ದೆ. ಬೇರೆ ಕೆಲ್ಸ ಇಲ್ದೆ ಮೂರೂ ಸಂಪುಟ ಮುಗಿಸ್ದೆ. ಬರ್ದೋರು ಸಿಕ್ರೆ ಒಂದೆರಡು ಮಾತು ಕೇಳೋದಿದೆ.” ಅವರ ಕಣ್ಣು ಲವಿನಿಯಾಳ ಮೇಲೆ ನಿಂತಿತು. “ಈ ಮನೆ ಒಳಗಿನ ಸಂಗತಿ ಗೊತ್ತಿರೋರೇ ಬರ್ದಿದ್ದಾರೆ. ಅಲ್ವಾಮ್ಮಾ?”

ಗಂಡನ ಎದುರು ಅವಳು ಹೌದೆಂದರೂ ಸಾವು, ಇಲ್ಲವೆಂದರೆ ಸಂಜೆಗೆ ಸಾವು.

“ಅವಳನ್ನೇನು ಕೇಳ್ತೀರಿ ಕರ್ನಲ್?” ಆಗಸ್ಟಸ್ ಗ್ಲಾಸು ಹಿಡಿದು ಎದ್ದು ನಿಂತ. “ದಿನಸಿ ಪಟ್ಟಿ ಬರೆಯೋಕೂ ತಿಣುಕ್ತಾಳೆ. ಇನ್ನು ಮುಚ್ಚಿಟ್ಟು ಪ್ರಯೋಜನ ಇಲ್ಲ. ಬರ್ದೋನು ನಾನೇ.”

ಪಾದ್ರಿ ಚಪ್ಪಾಳೆ ತಟ್ಟಿದರು. ಸ್ವಂತ ಖರ್ಚಿನಲ್ಲಿ ಮೂರು ಸಲ ಕವನ ಅಚ್ಚು ಹಾಕಿಸಿ, ಯಾರೂ ಮೂಸಿ ನೋಡದೆ ಕೊರಗಿದ್ದವನ ಮುಖ ಅರಳಿತು. ಲವಿನಿಯಾ ಮೇಜಿನಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ತನ್ನ ಎರಡು ವರ್ಷವನ್ನು ಅವನು ಒಂದೇ ಮಾತಿನಲ್ಲಿ ನುಂಗಿಬಿಟ್ಟಿದ್ದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸಂಜೆಯ ಭಯವೇ ತುಂಬಿಕೊಂಡಿತ್ತು.

“ಮೂರೂ ಸಂಪುಟಾನಾ?” ಕರ್ನಲ್ ಮೆಲ್ಲಗೆ ಕೇಳಿದರು. “ಬೇರೆ ಯಾರ ಕೈನೂ ಇಲ್ವಾ?”

“ಒಂದೊಂದು ಅಕ್ಷರಾನೂ ನಂದೇ.”

“ಯಾರಾದ್ರೂ ಹೇಳಿದ್ದನ್ನ ಕೇಳಿ ಬರ್ದಿದ್ದಾ?”

“ಯಾರ್ ಹೇಳ್ತಾರೆ? ಪೂರ್ತಿ ನನ್ನ ತಲೇಲೇ ಇದ್ದದ್ದು.”

ಕರ್ನಲ್ ಬಾಯಿ ಒರೆಸಿಕೊಂಡು, ಕೈವಸ್ತ್ರವನ್ನು ಮಡಿಸಿ ಪಕ್ಕಕ್ಕಿಟ್ಟರು.

“ಇವತ್ತು ಬೆಳಿಗ್ಗೆ ಗುಡ್ಡದಾಚೆ ನಿಮ್ಮ ಹಳೇ ಸುಣ್ಣದ ಗೂಡನ್ನ ಅಗೆಸ್ದೆ, ಪೆಲ್‌ಹಮ್. ಮೂರನೇ ಸಂಪುಟದಲ್ಲಿ ನೀವು ಬರ್ದಿರೋ ಜಾಗದಲ್ಲೇ ನಿಮ್ಮ ಮೊದಲನೇ ಹೆಂಡತಿ ಸಿಕ್ಕಿದ್ರು.”