ಅಂಗೈ ಯಾರದ್ದು?

"ಮಂಜೂರ್ ಭಾಯ್ ಬರೆದುಕೊಟ್ಟಾಯ್ತಲ್ಲ, ಇನ್ನೇನು ಬೇಕು ನಿಂಗೆ?" ಎಂದು ಉಮ್ಮೆ ಕುಲ್ಸುಂ ಒಪ್ಪಿಗೆ ಪತ್ರವನ್ನು ಸೌಂದರ್ಯಾಳ ಕೀಬೋರ್ಡಿನ ಮೇಲೆಯೇ ಕುಕ್ಕಿದಳು. ಶಿವಾಜಿನಗರದ ಮದುವಣಗಿತ್ತಿಯರಿಗೆ ಮೆಹಂದಿ ಹಾಕುವ ಅವಳಿಗೆ ಒಂದು ವೆಬ್‌ಸೈಟ್ ಬೇಕಿತ್ತು. ಅದರಲ್ಲಿ ಹಾಕುವ ಒಂದೇ ಒಂದು ಫೋಟೊಗಾಗಿ ಫೋಟೊಗ್ರಾಫರ್ ಮಂಜೂರನ ಸ್ಟುಡಿಯೋಗೆ ಮೂರು ಸಲ ಅಲೆದಿದ್ದಳು. ತಾನೇ ಬಿಡಿಸಿದ ಮೆಹಂದಿಗೆ ಇನ್ನೊಬ್ಬನ ರುಜು ಏಕೆಂಬುದೇ ಅವಳಿಗೆ ಇನ್ನೂ ಅರ್ಥವಾಗಿರಲಿಲ್ಲ.

"ಫೋಟೊ ತೆಗ್ದವ್ರು ಒಪ್ಪಿದ್ರು ಆಂಟಿ. ಆದ್ರೆ ಕೈ ಯಾರ್ದು? ಅವ್ರನ್ನ ಕೇಳಿದ್ರಾ?" ಎಂದಳು ಸೈಟ್ ಮಾಡುತ್ತಿದ್ದ ಸೌಂದರ್ಯಾ.

"ಬರೀ ಅಂಗೈ ಕಣಮ್ಮಾ! ಮುಖ ಇಲ್ಲ, ಮೂಗಿಲ್ಲ. ಯಾರಿಗೆ ಗೊತ್ತಾಗತ್ತೆ? ನಿನ್ ರೂಲ್ಸ್ ಕೇಳಿ ಕೇಳಿ ನಂಗೆ ತಲೆ ಕೆಟ್ಟೋಯ್ತು." ಗೊಣಗುತ್ತಲೇ ಮೊಬೈಲ್ ತೆಗೆದು, ಎರಡು ವರ್ಷದ ಹಿಂದಿನ ಆ ಮದುಮಗಳು ನೌರೀನಳಿಗೆ ಕರೆ ಮಾಡಿದಳು. ಸೌಂದರ್ಯಾಳೂ ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದಳು.

ವಿಷಯ ಕೇಳಿ ನೌರೀನ್ ಹೇಳಿದಳು: "ಹಾಕ್ಕೊಳ್ಳಿ ಖಾಲಾ. ಅದ್ರಲ್ಲಿ ಅವ್ರ ಹೆಸ್ರಿದೆಯಲ್ಲ, ಅದೊಂದನ್ನ ಅಳಿಸ್ಬಿಡಿ. ನಾನು ಅಮ್ಮಿ ಮನೆಗೆ ವಾಪಸ್ ಬಂದು ವರ್ಷ ಆಯ್ತು."

ಸೌಂದರ್ಯಾ ಫೋಟೊವನ್ನು ಪರದೆ ತುಂಬ ಹಿಗ್ಗಿಸಿ ಹುಡುಕಿದಳು. ಬಳ್ಳಿ, ಎಲೆ, ಹೂವು ಬಿಟ್ಟರೆ ಏನೂ ಸಿಗಲಿಲ್ಲ. ಮದುವೆಯಾದ ಮೇಲೆ ಗಂಡನೇ ಹುಡುಕಲಿ ಎಂದು ಮೆಹಂದಿಯೊಳಗೆ ಬಚ್ಚಿಟ್ಟು ಬರೆದ ಅವನ ಹೆಸರು ಅದು. ಉಮ್ಮೆ ಕುಲ್ಸುಂ ಒಂದಿಷ್ಟೂ ತಡವರಿಸದೆ, ಹೆಬ್ಬೆರಳಿನ ಬುಡದ ಎಲೆಯೊಂದರ ಮೇಲೆ ತನ್ನ ಬೆರಳಿಟ್ಟಳು. ಹೆಸರನ್ನು ಮುಚ್ಚಿದ ಆ ಬೆರಳನ್ನು ತೆಗೆಯಲಿಲ್ಲ.